‘ದೆಮ್’ ಯಾರ್ರಿ ಸರ?

ಇಂಗ್ಲಿಷ್ ಕಲಿಸುವ ಶಿಕ್ಷಕರೆಲ್ಲರಿಗೂ ನಮಸ್ಕಾರ. ಸೇಡಂ, ಚಿತ್ತಾಪುರ, ಜೇವರ್ಗಿ ಕಡೆಯವರು ಮುಂಜಾನೆ ಆರಕ್ಕೇ ಬಸ್ ಹಿಡಿದು ಬಂದಿದ್ದೀರಿ. ಆಳಂದ, ಅಫಜಲಪುರದವರೂ ಇದ್ದೀರಿ. ಈ ಬಿಸಿಲಲ್ಲಿ ಕಲಬುರಗಿಗೆ ಬಂದು ಕೂತವರಿಗೆ ಪೀಠಿಕೆ ಜಾಸ್ತಿ ಹಾಕಬಾರದು. ನೇರ ವಿಷಯಕ್ಕೆ ಬರುತ್ತೇನೆ.

ನಮ್ಮ ಮಕ್ಕಳಿಗೆ ಇಂಗ್ಲಿಷ್ ಶಬ್ದ ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಶಬ್ದ ಬರುತ್ತದೆ. ಮೊಬೈಲ್ ಹಿಡಿದ ಮಗುವಿಗೆ ಎಷ್ಟು ಇಂಗ್ಲಿಷ್ ಶಬ್ದ ಗೊತ್ತು ಅಂತ ಒಂದು ದಿನ ಕೂತು ಎಣಿಸಿ ನೋಡಿ. ತೊಡಕು ಇರುವುದು ಒಂದು ಕೆಲಸಕ್ಕೆ ಇನ್ನೊಂದು ಕೆಲಸವನ್ನು ಗಂಟು ಹಾಕುವಲ್ಲಿ. ಕನ್ನಡದಲ್ಲಿ ಆ ಗಂಟು ಒಂದು ಕಡೆ ಬೀಳುತ್ತದೆ, ಇಂಗ್ಲಿಷಿನಲ್ಲಿ ಇನ್ನೊಂದು ಕಡೆ. ಇದನ್ನು ನನಗೆ ಕಲಿಸಿದವಳು ಒಂಬತ್ತನೇ ತರಗತಿಯ ಒಬ್ಬ ಹುಡುಗಿ.

ಆಗ ನಾನು ಚಿತ್ತಾಪುರ ತಾಲೂಕಿನ ಒಂದು ಹಳ್ಳಿ ಶಾಲೆಯಲ್ಲಿದ್ದೆ. ನಿನ್ನೆ ಏನು ಮಾಡಿದಿರಿ, ಇಂಗ್ಲಿಷಿನಲ್ಲಿ ಬರೆಯಿರಿ ಅಂದಿದ್ದೆ. ಅವಳು ಬರೆದದ್ದು ಇಷ್ಟು: ‘ಯಸ್ಟರ್‌ಡೇ ಐ ಫೀಲ್ಡ್ ಗೋಯಿಂಗ್, ಗ್ರೀನ್ಸ್ ಕಟಿಂಗ್, ಟೇಕಿಂಗ್, ಹೋಮ್ ಕೇಮ್.’ ನಾನು ಕೆಂಪು ಪೆನ್ನಿನಿಂದ ಇಡೀ ಸಾಲಿಗೆ ಗೀಟು ಎಳೆದು ಕೊಟ್ಟೆ. ಅರವತ್ತು ನೋಟ್‌ಬುಕ್ ತಿದ್ದುವಾಗ ಕೈ ಹಾಗೇ ಹೋಗಿಬಿಡುತ್ತದೆ, ನಿಮಗೆ ಗೊತ್ತಲ್ವಾ.

ಊಟದ ಹೊತ್ತಿಗೆ ಅವಳು ನೋಟ್‌ಬುಕ್ ಎದೆಗೆ ಹಿಡಿದುಕೊಂಡು ಬಂದಳು. ‘ಸರ, ಎಲ್ಲಾ ತಪ್ಪೇನ್ರಿ? ಒಂದ್ ಮಾತೂ ಸರಿ ಇಲ್ಲೇನ್ರಿ?’ ಅಂದಳು. ಕಣ್ಣಲ್ಲಿ ನೀರಿತ್ತು. ಕನ್ನಡದಾಗ ಹೇಳವ್ವ, ಏನು ಮಾಡಿದಿ ಅಂದೆ. ‘ಹೊಲಕ್ಕ ಹೋಗಿ, ತಪ್ಪಲ ಕೊಯ್ದು, ತಗೊಂಡು ಮನಿಗಿ ಬಂದೆ ರಿ’ ಅಂದಳು. ತಪ್ಪಲ ಅಂದರೆ ಸೊಪ್ಪು.

ನಾನು ಸುಮ್ನೆ ನಿಂತುಬಿಟ್ಟೆ. ಹೋಗಿ, ಕೊಯ್ದು, ತಗೊಂಡು, ಬಂದೆ. ಗೋಯಿಂಗ್, ಕಟಿಂಗ್, ಟೇಕಿಂಗ್, ಕೇಮ್. ನಾಲ್ಕು ಕೆಲಸಕ್ಕೆ ನಾಲ್ಕು ಶಬ್ದ, ಅದೇ ಸಾಲಿನಲ್ಲಿ. ಕನ್ನಡದಲ್ಲಿ ಅಪೂರ್ಣವಾಗಿ ನಿಲ್ಲುವ ಮೂರೂ ಕ್ರಿಯಾಪದಕ್ಕೆ ‘ಇಂಗ್’ ಹಚ್ಚಿದ್ದಾಳೆ. ಪೂರ್ಣವಾದ ಒಂದಕ್ಕೆ ಮಾತ್ರ ಭೂತಕಾಲ ಕೊಟ್ಟಿದ್ದಾಳೆ. ನಾನು ಗೀಟು ಹಾಕಿದ ಸಾಲಿನಲ್ಲಿ ಅಷ್ಟು ಕಟ್ಟುನಿಟ್ಟಾದ ವ್ಯಾಕರಣ ಇತ್ತು. ಕನ್ನಡದ ಗಂಟನ್ನು ಇಂಗ್ಲಿಷಿನ ಶಬ್ದಕ್ಕೆ ಹಾಕಿದ್ದಳು, ಅಷ್ಟೇ.

ಈಗ ಆ ಗಂಟನ್ನೇ ಹತ್ತಿರದಿಂದ ನೋಡೋಣ. ಕನ್ನಡದಲ್ಲಿ ಗಂಟು ಕ್ರಿಯಾಪದದ ಬಾಲದಲ್ಲಿದೆ. ಹೋಗು, ಹೋಗಿ. ಕೊಯ್ಯು, ಕೊಯ್ದು. ಹೀಗೆ ಹತ್ತು ಕೆಲಸ ಪೋಣಿಸಬಹುದು, ನಡುವೆ ‘ಮತ್ತು’ ಬೇಡ. ಕಾಲವನ್ನೂ, ಯಾರು ಮಾಡಿದ್ದು ಎಂಬುದನ್ನೂ ಕಡೆಯ ‘ಬಂದೆ’ ಒಂದೇ ಹೊರುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ‘ಐ ವೆಂಟ್ ಟು ದ ಫೀಲ್ಡ್, ಕಟ್ ಸಮ್ ಗ್ರೀನ್ಸ್ ಅಂಡ್ ಬ್ರಾಟ್ ದೆಮ್ ಹೋಮ್.’ ವೆಂಟ್, ಕಟ್, ಬ್ರಾಟ್, ಮೂರೂ ತಮ್ಮ ತಮ್ಮ ಕಾಲವನ್ನು ತಾವೇ ಹೊರುತ್ತವೆ. ಗಂಟು ಬಾಲದಲ್ಲಿಲ್ಲ, ‘ಅಂಡ್’ ಅಂತ ಬೇರೆ ಶಬ್ದವಾಗಿ ನಡುವೆ ನಿಂತಿದೆ.

ಅವತ್ತು ಇದನ್ನೇ ಬೋರ್ಡಿನ ಮೇಲೆ ಎರಡು ಸಾಲಾಗಿ ಬರೆದು, ಕನ್ನಡದ ಬಾಲಗಳಿಗೆ ಸುತ್ತು ಹಾಕಿ ತೋರಿಸಿದೆ. ಎಲ್ಲ ತಿಳೀತೇನು ಅಂದೆ. ಅದೇ ಹುಡುಗಿ ಕೈ ಎತ್ತಿದಳು. ‘ಸರ, ದೆಮ್ ಯಾರ್ರಿ?’

ತಪ್ಪಲವ್ವ ಅಂದೆ. ‘ತಪ್ಪಲ ಒಂದ್ ಸಲ ಹೇಳೀವಲ್ರಿ, ಮತ್ತ ಯಾಕ ಹೇಳಬೇಕ್ರಿ?’ ಅಂದಳು. ಇಡೀ ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ, ಸಂತೋಷ ಆಯಿತು. ಎಂಥ ಪ್ರಶ್ನೆ ನೋಡಿ! ಕೊಯ್ದು ತಗೊಂಡು ಬಂದೆ ಅಂದರೆ ಏನನ್ನು ಅಂತ ಕನ್ನಡದವರು ಯಾರೂ ಕೇಳುವುದಿಲ್ಲ. ‘ಅದನ್ನು’ ಅಂತ ಸೇರಿಸಿದರೆ ಮಾತು ಭಾರ ಆಗುತ್ತದೆ. ಇಂಗ್ಲಿಷಿನ ‘ಬ್ರಾಟ್’ ಮಾತ್ರ ಏನನ್ನು ತಂದೆ ಅಂತ ಕೇಳಿಯೇ ಕೇಳುತ್ತದೆ. ಹಾಗಾಗಿ ಅಲ್ಲಿ ಸರ್ವನಾಮವೂ ಒಂದು ಗಂಟೇ. ಹಿಂದಿನ ಕೆಲಸದ ತಪ್ಪಲನ್ನು ಮುಂದಿನ ಕೆಲಸಕ್ಕೆ ಕಟ್ಟುವುದು ಆ ಪುಟ್ಟ ‘ದೆಮ್’. ನಮ್ಮ ಮಕ್ಕಳು ‘ಐ ಬ್ರಾಟ್ ಹೋಮ್’ ಅಂತ ಬರೆದು ನಿಲ್ಲಿಸುವುದು ಇದಕ್ಕೇ. ಅದು ಮರೆವಲ್ಲ, ಅವರ ಮಾತಿನಲ್ಲಿ ಅದು ಬೇಕಾಗಿಯೇ ಇಲ್ಲ.

ಇದು ಕನ್ನಡದ್ದೊಂದೇ ಕಥೆಯಲ್ಲ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಭಾಷಾ ವಿದ್ವಾಂಸರು 1971ರಲ್ಲಿ ಸಾಂಗ್ಲಿ ಜಿಲ್ಲೆಯ ಕುಪ್ವಾಡ ಗ್ರಾಮದ ಬಗ್ಗೆ ಬರೆದರು. ಅಲ್ಲಿ ಕನ್ನಡ, ಮರಾಠಿ, ಉರ್ದು ಮಾತಾಡುವವರು ತಲೆಮಾರುಗಳಿಂದ ಒಟ್ಟಿಗೆ ಬಾಳಿದವರು. ಶಬ್ದ ಬೇರೆ ಬೇರೆ ಇದ್ದರೂ ವಾಕ್ಯದ ಕಟ್ಟು ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿದೆ ಅಂತ ತೋರಿಸಿದರು. ಅವರು ಕೊಟ್ಟ ಒಂದು ಉದಾಹರಣೆ ಯಾವುದು ಗೊತ್ತೇ? ತಪ್ಪಲು ಒಂದಿಷ್ಟು ಕೊಯ್ದು ತಗೊಂಡು ಬಂದೆ! ಓದಿದಾಗ ನನಗೆ ಮೈ ಝುಮ್ ಅಂದಿತು. ನನ್ನ ಹುಡುಗಿಯ ವಾಕ್ಯ ಅದು. ನಮ್ಮ ಕಲಬುರಗಿಯಲ್ಲೂ ನೋಡಿ: ಉರ್ದು ಮಾತಾಡುವ ಮನೆಯ ಮಗು ‘ಕಾಟ್ ಕೆ ಲೇ ಕೆ ಆಯಾ’ ಅನ್ನುತ್ತದೆ, ಮರಾಠಿ ಮನೆಯದು ‘ಕಾಪೂನ್ ಘೇಊನ್ ಆಲೋ’ ಅನ್ನುತ್ತದೆ. ಗಂಟು ಎಲ್ಲರಲ್ಲೂ ಬಾಲದಲ್ಲೇ. ಒಂದೇ ಬೆಂಚಿನ ಮೇಲೆ ಕೂತ ಮೂರು ಮನೆಮಾತಿನ ಮಕ್ಕಳು ಇಂಗ್ಲಿಷಿನಲ್ಲಿ ಒಂದೇ ‘ತಪ್ಪು’ ಮಾಡುತ್ತಾರೆ. ಅಂದ ಮೇಲೆ ಅದನ್ನು ದಡ್ಡತನ ಅನ್ನುವುದು ಹೇಗೆ?

ಇನ್ನೊಂದು ಮಾತು. ಕನ್ನಡದ ಒಂದೇ ಬಾಲ ಹಲವು ಕೆಲಸ ಮಾಡುತ್ತದೆ. ‘ಎತ್ತು ಮಾರಿ ಮಗಳ ಮದುವೆ ಮಾಡಿದ.’ ಇಲ್ಲಿ ‘ಮಾರಿ’ ಅಂದರೆ ಮಾರಿದ ಮೇಲೆ ಅಂತಲೇ? ಮಾರಿದ ಹಣದಿಂದ ಅಂತಲೇ? ನಮಗೆ ಎರಡೂ ಒಟ್ಟಿಗೇ ಕೇಳುತ್ತದೆ. ಇಂಗ್ಲಿಷ್ ಕೇಳುತ್ತದೆ: ‘ಆಫ್ಟರ್ ಸೆಲ್ಲಿಂಗ್’ ಅನ್ನುತ್ತೀಯೋ ‘ಬೈ ಸೆಲ್ಲಿಂಗ್’ ಅನ್ನುತ್ತೀಯೋ, ಹೇಳು. ‘ಮಳೆ ಬಂದು ತೊಗರಿ ಹಾಳಾಯಿತು.’ ಇಲ್ಲಿ ‘ಬಂದು’ ಅಂದರೆ ಬಂದದ್ದರಿಂದ, ಇಂಗ್ಲಿಷಿಗೆ ‘ಬಿಕಾಸ್’ ಬೇಕು. ‘ಉಣ್ಣದೆ ಬಂದ’ ಅಂದರೆ ‘ವಿತೌಟ್ ಈಟಿಂಗ್’. ಇಲ್ಲಿ ಒಂದು ಗಮನಿಸಿ. ಬೈ, ವಿತೌಟ್, ಆಫ್ಟರ್, ಇವು ಪ್ರಿಪೊಸಿಷನ್‌ಗಳು, ಮುಂದೆ ನಿಲ್ಲುತ್ತವೆ, ಅವುಗಳ ಹಿಂದೆಯೇ ‘ಇಂಗ್’ ಬರುತ್ತದೆ. ನನ್ನ ಹುಡುಗಿಯ ‘ಇಂಗ್’ಗೆ ಇಂಗ್ಲಿಷಿನಲ್ಲೂ ಜಾಗ ಇತ್ತು ನೋಡಿ! ಮುಂದೆ ಒಂದು ಸಣ್ಣ ಶಬ್ದ ಇಡುವುದನ್ನು ನಾನು ಹೇಳಿಕೊಡಬೇಕಿತ್ತು. ನಾನು ಗೀಟು ಎಳೆದೆ.

ಮಕ್ಕಳಿಗೆ ಗೊತ್ತಿರುವ ಇನ್ನೊಂದು ವಿಷಯವೂ ಇದೆ. ‘ಅಪ್ಪ ಗಾಡಿ ನಿಲ್ಲಿಸಿ ನಾನು ಇಳಿದೆ’ ಅಂತ ಯಾವ ಮಗುವೂ ಹೇಳುವುದಿಲ್ಲ. ‘ನಿಲ್ಲಿಸಿದ ಮೇಲೆ’ ಅನ್ನುತ್ತದೆ. ಮಳೆ, ಬಿಸಿಲಿನಂಥ ಮಾತು ಬಿಟ್ಟರೆ ಈ ಬಾಲಕ್ಕೆ ಎರಡೂ ಕೆಲಸ ಮಾಡಿದವರು ಒಬ್ಬರೇ ಆಗಿರಬೇಕು ಅಂತ ಅದಕ್ಕೆ ಯಾರೂ ಪಾಠ ಮಾಡಿಲ್ಲ. ಇಂಗ್ಲಿಷಿನಲ್ಲೂ ‘ಸ್ಟಾಪಿಂಗ್ ದ ಬೈಕ್, ಐ ಗಾಟ್ ಡೌನ್’ ಅಂದರೆ ಗಾಡಿ ನಿಲ್ಲಿಸಿದ್ದು ನಾನೇ ಆಗುತ್ತದೆ. ಇಷ್ಟು ಸೂಕ್ಷ್ಮ ಮಗುವಿನ ಬಾಯಲ್ಲೇ ಇರುವಾಗ ಕನ್ನಡವನ್ನು ತರಗತಿಯ ಹೊರಗೆ ಬಿಟ್ಟು ಬಾ ಅಂತ ಹೇಳುವುದು ನನಗೆ ಅನ್ಯಾಯ ಅನಿಸುತ್ತದೆ.

ಆಯೋಜಕರು ಗಡಿಯಾರ ತೋರಿಸುತ್ತಿದ್ದಾರೆ. ಇಂಗ್ಲಿಷಿನ ‘ಹೂ’, ‘ವಿಚ್’ ಶಬ್ದಗಳ ಬಗ್ಗೆ ಬೇರೆಯಾಗಿಯೇ ಮಾತಾಡಬೇಕಿತ್ತು. ಬೇಗ ಹೇಳಿಬಿಡುತ್ತೇನೆ. ಕೊಯ್ದ ಆಳು, ಕೊಯ್ದ ಜೋಳ, ಕೊಯ್ದ ಹೊಲ, ಕೊಯ್ದ ಕುಡುಗೋಲು. ನಾಲ್ಕಕ್ಕೂ ನಮಗೆ ‘ಕೊಯ್ದ’ ಒಂದೇ ಸಾಕು. ಇಂಗ್ಲಿಷಿಗೆ ಆಳಿಗೆ ಹೂ, ಜೋಳಕ್ಕೆ ವಿಚ್, ಹೊಲಕ್ಕೆ ವೇರ್, ಕುಡುಗೋಲಿಗೆ ‘ವಿತ್ ವಿಚ್’. ಈ ನಾಲ್ಕನ್ನು ಬೋರ್ಡಿನ ಮೇಲೆ ಬರೆದು ನೋಡಿ, ಒಂದು ಪೀರಿಯಡ್ ಸಾಲುವುದಿಲ್ಲ. ‘ಬರುತ್ತೇನೆ ಅಂತ ಹೇಳಿದ’ ಎಂಬುದರ ‘ಅಂತ’ ಇಂಗ್ಲಿಷಿನಲ್ಲಿ ‘ದಟ್’ ಆಗಿ ‘ಹೇಳಿದ’ದ ಆಚೆ ಬದಿಗೆ ಹೋಗುತ್ತದೆ. ‘ಬಂದರೆ’ಯ ‘ರೆ’ ಬಾಲ ಬಿಟ್ಟು ‘ಇಫ್’ ಆಗಿ ಮುಂದೆ ಬರುತ್ತದೆ. ‘ಹಾಡುತ್ತಾ’, ‘ಅಳುತ್ತಾ’ ಅನ್ನುವಂಥ ರೂಪಗಳೆಲ್ಲ ಇವತ್ತು ಆಗುವುದಿಲ್ಲ, ಬಿಡಿ.

ನೋಟ್‌ಬುಕ್ ತಿದ್ದುವಾಗ ಇಷ್ಟು ಮಾಡಿ. ಸಾಲು ವಿಚಿತ್ರವಾಗಿ ಕಂಡರೆ ಪೆನ್ನು ಕೆಳಗಿಟ್ಟು, ಆ ಮಗುವನ್ನು ಕರೆದು, ಕನ್ನಡದಲ್ಲೋ ಉರ್ದುವಿನಲ್ಲೋ ಹೇಳಿಸಿ. ಅದು ಗಂಟು ಎಲ್ಲಿ ಹಾಕಿದೆ ಅಂತ ಆಗ ಕಾಣುತ್ತದೆ.

ಊಟದ ವ್ಯವಸ್ಥೆ ಹಿಂದಿನ ಕೋಣೆಯಲ್ಲಿದೆಯಂತೆ. ರೊಟ್ಟಿ, ಪುಂಡಿಪಲ್ಯ ಇದೆ. ಕೈ ತೊಳೆದು, ಉಂಡು, ಹೊರಗೆ ಬಿಸಿಲಲ್ಲಿ ನಿಲ್ಲದೆ, ಎರಡು ಗಂಟೆಗೆ ಬಂದು ಕೂತುಕೊಳ್ಳಿ. ಈಗ ಹೇಳಿದ ಈ ವಾಕ್ಯವನ್ನು ಬರೆದುಕೊಳ್ಳಿ, ಮಧ್ಯಾಹ್ನ ಇಂಗ್ಲಿಷಿಗೆ ತರುವ ಕೆಲಸ ಇದರಿಂದಲೇ ಶುರು.