ಕಬ್ಬಿಣ ಕೊಯ್ಯುವುದು ಗ್ಯಾಸ್ ಅಲ್ಲ

ನಮಸ್ಕಾರ. ಗೇಟು, ಗ್ರಿಲ್ ಮಾಡುವವರು, ಟ್ರೈಲರ್ ಕಟ್ಟುವವರು, ಗುಜರಿ ಅಂಗಡಿಯವರು ರೇಡಿಯೊ ಹಾಕಿಕೊಂಡೇ ಕೆಲಸ ಮಾಡುತ್ತೀರಿ ಅಂತ ನನಗೆ ಗೊತ್ತು. ಸ್ವಲ್ಪ ಗ್ರೈಂಡರ್ ನಿಲ್ಲಿಸಿ. ಕಟಿಂಗ್‌ಗೆ ಡಿ.ಎ., ಅಂದರೆ ಅಸಿಟೋನಿನಲ್ಲಿ ಕರಗಿಸಿ ಸಿಲಿಂಡರಿಗೆ ತುಂಬಿದ ಅಸಿಟಿಲೀನ್ ಗ್ಯಾಸು, ಒಳ್ಳೆಯದೋ, ಎಲ್‌ಪಿಜಿಯೋ? ಐ.ಟಿ.ಐ.ಯಲ್ಲಿ ವೆಲ್ಡಿಂಗ್ ಕಲಿಸಿದವನು ನಾನು, ಮದುವೆ ಊಟಕ್ಕೆ ಕೂತರೂ ಪಕ್ಕದ ಎಲೆಯವರು ಇದನ್ನೇ ಕೇಳುತ್ತಾರೆ.

ಉತ್ತರಕ್ಕೆ ಮೊದಲು ಒಂದು ಮಾತು. ಕಬ್ಬಿಣ ಕೊಯ್ಯುವುದು ಗ್ಯಾಸ್ ಅಲ್ಲ, ಆಕ್ಸಿಜನ್. ಗ್ಯಾಸಿನ ಕೆಲಸ ಕಬ್ಬಿಣವನ್ನು ಕೆಂಪಗೆ ಕಾಯಿಸುವುದು, ಅಷ್ಟೇ. ಸುಮಾರು 900 ಡಿಗ್ರಿಗೆ ಕಾದ ಕಬ್ಬಿಣದ ಮೇಲೆ ಶುದ್ಧ ಆಕ್ಸಿಜನ್ ಬಿಟ್ಟರೆ ಕಬ್ಬಿಣವೇ ಸೌದೆಯಂತೆ ಉರಿಯುತ್ತದೆ, ಉರಿದದ್ದು ಕಿಟ್ಟವಾಗಿ ಕೆಳಗೆ ಹಾರುತ್ತದೆ. ವರ್ಷಗಟ್ಟಲೆ ಹಿಡಿಯುವ ತುಕ್ಕು ಒಂದು ಕ್ಷಣದಲ್ಲಿ ಹಿಡಿದ ಹಾಗೆ. ಹುಡುಗರು ನಂಬಲಿ ಅಂತ ದಪ್ಪ ಪ್ಲೇಟಿನಲ್ಲಿ ಕಟಿಂಗ್ ಶುರುವಾದ ಮೇಲೆ ಗ್ಯಾಸ್ ವಾಲ್ವ್ ಮುಚ್ಚಿಬಿಡುತ್ತಿದ್ದೆ. ಬೆಂಕಿ ಹೋಯಿತು, ಬರೀ ಆಕ್ಸಿಜನ್, ಆದರೂ ಕೈಯಲ್ಲಿ ಹಿಡಿದ ಕಟಿಂಗ್ ಟಾರ್ಚು ಸ್ವಲ್ಪ ದೂರ ಕೊಯ್ದುಕೊಂಡೇ ಹೋಗುತ್ತಿತ್ತು!

ಡಿ.ಎ. ಬೆಂಕಿ 3100 ಡಿಗ್ರಿ, ಎಲ್‌ಪಿಜಿ 2800. ಬೇಕಾಗಿರುವುದು 900 ಮಾತ್ರ ಅಂದಮೇಲೆ ಈ 300 ಡಿಗ್ರಿಗೆ ಯಾಕೆ ಜಗಳ? ಶುರು ಮಾಡುವಾಗ ಡಿ.ಎ. ಬೇಗ ಕಾಯಿಸುತ್ತದೆ, ನಿಜ. ಶುರುವಾದ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ವೇಗ.

ಶಿವಮೊಗ್ಗದ ಹತ್ತಿರ ಒಂದು ಗುಜರಿ ಅಂಗಡಿ. ಹಳೆಯ ಲಾರಿ ಚಾಸಿ ಕೊಯ್ಯುವ ಜಾಗ. ಮಾಲೀಕರು ಬೆಳಗ್ಗೆಯೇ ಫೋನು ಮಾಡಿದರು. "ಮೇಷ್ಟ್ರೇ, ನಿಮ್ಮ ಮಾತು ಕೇಳಿ ಎಲ್‌ಪಿಜಿ ತಂದೆ, ಈ ದರಿದ್ರ ಗ್ಯಾಸು ಬೆಣ್ಣೆನೂ ಕೊಯ್ಯಲ್ಲ." ಹೋದೆ. ನೀಲಿ ಬಣ್ಣದ 19 ಕೆ.ಜಿ. ಕಮರ್ಷಿಯಲ್ ಸಿಲಿಂಡರ್, ಹೊಸ ರೆಗ್ಯುಲೇಟರ್, ಎಲ್ಲ ಸರಿ ಇತ್ತು. ಹುಡುಗ ಬೆಂಕಿ ಹಚ್ಚಿದ. ಆಕ್ಸಿಜನ್ ಸ್ವಲ್ಪ ಜಾಸ್ತಿ ಮಾಡಿದ ತಕ್ಷಣ ಬೆಂಕಿ ಟಾರ್ಚಿನ ಮೂತಿ, ಅಂದರೆ ನಾಜಲ್, ಬಿಟ್ಟು ಮುಂದಕ್ಕೆ ಜಿಗಿದು ಟಪ್ ಅಂತ ಆರಿತು. ಮತ್ತೆ ಹಚ್ಚಿದ, ಮತ್ತೆ ಟಪ್. ನಾಜಲ್ ಬಿಚ್ಚಿ ನೋಡಿದರೆ ಡಿ.ಎ.ದು! ತುದಿ ಚಪ್ಪಟೆ, ಒಂದೇ ತುಂಡು. ಎಲ್‌ಪಿಜಿ ನಿಧಾನವಾಗಿ ಉರಿಯುವ ಗ್ಯಾಸು, ಅದರ ನಾಜಲ್ ಎರಡು ತುಂಡಿನದು, ಒಳಗಿನ ತುಂಡು ತುಸು ಒಳಸರಿದಿರುತ್ತದೆ, ಗಾಳಿಗೆ ದೀಪಕ್ಕೆ ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ. ಪೇಟೆಗೆ ಹೋಗಿ ತಂದು ಹಾಕಿದೆವು. ನಾನೇ ಟಾರ್ಚು ಹಿಡಿದು ತೋರಿಸಿದೆ, ಚಾಸಿ ಎರಡು ತುಂಡು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ವಾರದ ನಂತರ ಮತ್ತೆ ಫೋನು. "ಮೇಷ್ಟ್ರೇ, ಆಕ್ಸಿಜನ್ ಸಿಲಿಂಡರ್ ಬೇಗ ಖಾಲಿ ಆಗ್ತಿದೆ, ಎಲ್ಲೋ ಲೀಕು." ಲೀಕೂ ಇಲ್ಲ, ಏನೂ ಇಲ್ಲ. ಒಂದು ಪಾಲು ಡಿ.ಎ. ಉರಿಸಲು ಹೆಚ್ಚುಕಡಿಮೆ ಒಂದು ಪಾಲು ಆಕ್ಸಿಜನ್ ಸಾಕು, ಎಲ್‌ಪಿಜಿ ಸುಮಾರು ನಾಲ್ಕು ಪಾಲು ಕೇಳುತ್ತದೆ. ಗ್ಯಾಸಿನಲ್ಲಿ ಉಳಿಸಿದ ದುಡ್ಡನ್ನು ಲೆಕ್ಕ ಹಾಕುವವರು ಆ ಕರಿ ಆಕ್ಸಿಜನ್ ಸಿಲಿಂಡರಿನ ಲೆಕ್ಕವನ್ನೂ ಹಾಕಬೇಕು ಅಲ್ವಾ? ಅವರು ಹಾಕಿದರು. ಕೊನೆಗೂ ಎಲ್‌ಪಿಜಿಯೇ ಅಗ್ಗ ಬಿತ್ತು, ದಿನವಿಡೀ ಕೊಯ್ಯುವವರಲ್ಲವೇ.

ಹಾಗಾಗಿ ಬರೀ ಕಟಿಂಗ್ ಇದ್ದರೆ ಎಲ್‌ಪಿಜಿ ತನ್ನಿ. ಗ್ಯಾಸ್ ವೆಲ್ಡಿಂಗೂ ಮಾಡುವವರು, ಪ್ಲೇಟಿನ ನಡುವೆ ಪದೇ ಪದೇ ತೂತು ಹೊಡೆಯುವವರು ಡಿ.ಎ. ಬಿಡಬೇಡಿ, ಎಲ್‌ಪಿಜಿಯಲ್ಲಿ ಕಬ್ಬಿಣ ಬೆಸೆಯಲು ಆಗುವುದಿಲ್ಲ. ಸ್ಟೇನ್‌ಲೆಸ್ ಯಾವುದರಲ್ಲೂ ಆಗಲ್ಲ, ಅದು ಆಕ್ಸಿಜನ್‌ನಲ್ಲಿ ಹಾಗೆ ಉರಿಯುವುದಿಲ್ಲ, ದಯವಿಟ್ಟು ಮತ್ತೆ ಕೇಳಬೇಡಿ. ಕಾರ್ಬೈಡಿಗೆ ನೀರು ಹಾಕಿ ಅಸಿಟಿಲೀನ್ ಗ್ಯಾಸ್ ಮಾಡುವ ಹಳೆಯ ಡಬ್ಬ ಇನ್ನೂ ಇಟ್ಟುಕೊಂಡವರು ಅದನ್ನು ಗುಜರಿಗೇ ಹಾಕಿ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಬೇಗ ಹೇಳುತ್ತೇನೆ. ಡಿ.ಎ. ಸಿಲಿಂಡರ್ ಮಲಗಿಸಬೇಡಿ, ಒಳಗಿನ ಅಸಿಟೋನ್ ಹೊರಗೆ ಬರುತ್ತದೆ. ರೆಗ್ಯುಲೇಟರಿನಿಂದ ಟಾರ್ಚಿಗೆ ಬರುವ ಅದರ ಒತ್ತಡ ಚದರ ಸೆಂಟಿಮೀಟರಿಗೆ 1 ಕೆ.ಜಿ. ದಾಟಿಸಬೇಡಿ, ಅಸಿಟಿಲೀನ್ ತಾನೇ ಸಿಡಿಯಬಲ್ಲದು. ಎಲ್‌ಪಿಜಿ ಗಾಳಿಗಿಂತ ಭಾರ, ಲೀಕಾದರೆ ಗುಂಡಿಯಲ್ಲಿ, ಚರಂಡಿಯಲ್ಲಿ ಕೂತಿರುತ್ತದೆ. ಆಕ್ಸಿಜನ್ ರೆಗ್ಯುಲೇಟರಿಗೆ ಎಣ್ಣೆ, ಗ್ರೀಸ್ ಮುಟ್ಟಿಸಲೇಬೇಡಿ. ಬೆಂಕಿ ಪೈಪಿನೊಳಗೆ ಹಿಂದಕ್ಕೆ ನುಗ್ಗದಂತೆ ತಡೆಯುವ ಫ್ಲ್ಯಾಶ್‌ಬ್ಯಾಕ್ ಅರೆಸ್ಟರನ್ನು ಗ್ಯಾಸು, ಆಕ್ಸಿಜನ್ ಎರಡೂ ಕಡೆ ಹಾಕಿ. ಮತ್ತೆ ಆ ನಾಜಲ್, ಗ್ಯಾಸ್ ಬದಲಾದರೆ ನಾಜಲ್ ಬದಲಾಗಬೇಕು. ಸರಿ, ಇನ್ನು ಗ್ರೈಂಡರ್ ಹಾಕಿಕೊಳ್ಳಿ. ನಮಸ್ಕಾರ.