ಉಣ್ಣೆ, ಗಾಳಿ ಮತ್ತು ಮೊಣಕಾಲಿನ ಬಳಿಯ ಮಿನುಗು

ಆತ್ಮೀಯರೇ,

ಹೆಲ್ಸಿಂಕಿಗೆ ಹೊಸದಾಗಿ ಬಂದು ನೆಲೆಸಿರುವ ಕನ್ನಡಿಗರಿಗೆ ಚಳಿಗಾಲದ ಉಡುಪಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕೇಳಿದಾಗ ನಾನು ಒಪ್ಪಿದೆನಾದರೂ, ಏನೇನು ಕೊಳ್ಳಬೇಕೆಂಬ ಪಟ್ಟಿಯನ್ನು ಓದುವ ಮನಸ್ಸು ನನಗಿಲ್ಲ. ಆ ಕೆಲಸವನ್ನು ಅಂಗಡಿಯವರು ಚೆನ್ನಾಗಿಯೇ ಮಾಡುತ್ತಾರೆ. ಕೈಗೆ ಹೊಂದಿಕೊಂಡ ಕುಡುಗೋಲು ರೈತನಿಗೆ, ಪಳಗಿದ ಹಂಚು ರೊಟ್ಟಿ ಬೇಯಿಸುವವರಿಗೆ ಕೊಡುವಂಥ ಸಂತೋಷವೊಂದು ಉಂಟಲ್ಲ, ಅದನ್ನೇ ಚಳಿಗಾಲದ ಬಟ್ಟೆಯಲ್ಲಿಯೂ ಕಾಣಬಹುದೆಂದು ತಿಳಿಸುವುದಷ್ಟೇ ನನ್ನ ಉದ್ದೇಶ.

ಡಿಸೆಂಬರ್ 21ರ ಆಸುಪಾಸಿನಲ್ಲಿ ಇಲ್ಲಿ ಸೂರ್ಯ ಒಂಬತ್ತೂಕಾಲು ದಾಟಿದ ಮೇಲೆ ಹುಟ್ಟಿ, ಮೂರೂಕಾಲರ ಹೊತ್ತಿಗೆಲ್ಲ ಮುಳುಗುತ್ತಾನೆ. ನಡುಹಗಲಿನಲ್ಲಿಯೂ ದಿಗಂತದಿಂದ ಆರೇಳು ಡಿಗ್ರಿಗಿಂತ ಮೇಲೇರುವುದಿಲ್ಲ. ಆದರೂ ನಿಜವಾಗಿ ಕಷ್ಟದ ತಿಂಗಳು ನವೆಂಬರ್ ಎಂದೇ ನನ್ನ ಅನಿಸಿಕೆ. ಹಿಮ ಬಿದ್ದರೆ ಬೀದಿದೀಪದ ಬೆಳಕು ನೆಲದಿಂದ ಚಿಮ್ಮಿ ಊರೇ ಬೆಳ್ಳಗಾಗುತ್ತದೆ. ಹಿಮಕ್ಕೆ ಮೊದಲಿನ ಮಳೆ ಮತ್ತು ಕೆಸರು ಮಾತ್ರ ಇರುವ ಬೆಳಕನ್ನೂ ನುಂಗಿಬಿಡುತ್ತವೆ.

ನನ್ನ ಮೊದಲ ಚಳಿಗಾಲದಲ್ಲಿ ನಾನು ಜೀನ್ಸ್ ತೊಟ್ಟು, ಹತ್ತಿಯ ಬನಿಯನ್ನಿನ ಮೇಲೆ ಉದ್ದನೆಯ ಚೆಂದದ ಕೋಟು ಹಾಕಿ ತಿರುಗಿದೆ. ಬಸ್ಸು ಹಿಡಿಯಲು ಓಡಿದಾಗ ಬೆವರಿದ ಬನಿಯನ್ನು, ನಿಂತ ಮರುಕ್ಷಣವೇ ಬೆನ್ನಿಗೆ ಅಂಟಿಕೊಂಡು ತಣ್ಣಗಾಯಿತು. ಹತ್ತಿ ನಮ್ಮ ಸೆಕೆಗೆ ಹೇಳಿ ಮಾಡಿಸಿದ ಬಟ್ಟೆ. ಅಲ್ಲಿ ಅದರ ಗುಣವಾಗಿರುವುದೇ ಇಲ್ಲಿ ದೋಷವಾಗುತ್ತದೆ. ಉಣ್ಣೆಯ ಎಳೆ ಹುಟ್ಟಿನಿಂದಲೇ ಸುರುಳಿಸುರುಳಿಯಾಗಿರುವುದರಿಂದ ಎಳೆಗಳ ನಡುವೆ ಗಾಳಿ ಅಲುಗಾಡದೆ ನಿಲ್ಲುತ್ತದೆ, ಮತ್ತು ನಮ್ಮನ್ನು ಬೆಚ್ಚಗಿಡುವುದು ಆ ನಿಂತ ಗಾಳಿಯೇ. ಜೊತೆಗೆ ಉಣ್ಣೆಯು ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆಯೆನಿಸದು. ಇದು ನಮಗೆ ಹೊಸ ವಿದ್ಯೆಯೇನಲ್ಲ. ಮಲೆನಾಡಿನ ಗದ್ದೆಗಳಲ್ಲಿ ಕಂಬಳಿಕೊಪ್ಪೆ ಹೊದ್ದು ಜಡಿಮಳೆಯಲ್ಲಿ ನಾಟಿ ಮಾಡಿದವರೂ, ಚಳ್ಳಕೆರೆಯ ಸೀಮೆಯಲ್ಲಿ ಕರಿಕಂಬಳಿ ನೇಯ್ದು ಹುಣಸೆಬೀಜದ ಗಂಜಿ ಹಾಕಿದವರೂ ಇದನ್ನು ಬಲ್ಲವರೇ. ಉಣ್ಣೆ ಚುಚ್ಚುತ್ತದೆಂದು ಗೊಣಗುವವರಿಗೆ, ಕಂಬಳಿಯಲ್ಲಿ ಕೂತು ಉಣ್ಣುತ್ತ ಕೂದಲೆಂದರೆ ಹೇಗೆ ಎಂದು ಹೇಳಬಹುದಿತ್ತು. ಆದರೆ ಮೈಗೆ ತಾಗುವ ಪದರಕ್ಕೆ ನವಿರಾದ ಮೆರಿನೋ ಉಣ್ಣೆ ಈಗ ಎಲ್ಲೆಡೆ ಸಿಗುವುದರಿಂದ ಆ ಗಾದೆಯ ಅಗತ್ಯ ಬೀಳುವುದಿಲ್ಲ.

ಮೈಗೆ ಉಣ್ಣೆ, ಅದರ ಮೇಲೆ ಸ್ವೆಟರ್, ಹೊರಗೆ ಗಾಳಿ ಮತ್ತು ನೀರನ್ನು ತಡೆಯುವ ಜಾಕೆಟ್ಟು: ಈ ಮೂರು ಪದರಗಳಲ್ಲಿ ಬಿಗಿಯಾದದ್ದು ಯಾವುದೂ ಇರಬಾರದು. ದಪ್ಪ ಕಾಲುಚೀಲವನ್ನು ಇಕ್ಕಟ್ಟಾದ ಬೂಟಿನೊಳಗೆ ತುರುಕಿದರೆ ಗಾಳಿಗೆ ಜಾಗವಿಲ್ಲದೆ ಪಾದ ಮರಗಟ್ಟುತ್ತದೆ. ನಾಲ್ಕು ಬೆರಳೂ ಒಂದೇ ಚೀಲದಲ್ಲಿರುವ ಕೈಗವಸು ಬೆರಳುಗವಸಿಗಿಂತ ಬೆಚ್ಚಗಿರುವುದು, ಬೆರಳುಗಳು ಒಂದಕ್ಕೊಂದು ಕಾವು ಕೊಡುವುದರಿಂದ.

ಕೈಗವಸಿನ ಮಾತು ಬಂದಾಗ ನಾರ್ವೆಯ ಸೆಲ್ಬುವನ್ನು ನೆನೆಯದೆ ಮುಂದೆ ಹೋಗಲಾರೆ. 1857ರಲ್ಲಿ ಆ ಊರಿನ ಮಾರಿತ್ ಎಂಬ ಹುಡುಗಿ ಬಿಳಿ ಮತ್ತು ಕಪ್ಪು ನೂಲಿನಲ್ಲಿ ಎಂಟು ದಳದ ನಕ್ಷತ್ರವಿರುವ ಕೈಗವಸು ಹೆಣೆದಳೆಂದೂ, ಅದನ್ನು ತೊಟ್ಟು ಚರ್ಚಿಗೆ ಹೋದಾಗ ಊರೆಲ್ಲ ಕಣ್ಣರಳಿಸಿ ನೋಡಿತೆಂದೂ ಹೇಳುತ್ತಾರೆ. ಮುಂದೆ ಆ ಹೆಣಿಗೆ ಇಡೀ ಊರಿನ ಹೊಟ್ಟೆಪಾಡಾಯಿತು. ನನ್ನನ್ನು ಸೆಳೆಯುವುದು ಅದರ ಒಳಮೈ. ಎರಡು ಬಣ್ಣದಲ್ಲಿ ಹೆಣೆಯುವಾಗ ಮುಂದೆ ಕಾಣದ ನೂಲು ಹಿಂದೆ ಹಾಯ್ದುಹೋಗುತ್ತದೆ. ಹೀಗೆ ಬಟ್ಟೆ ಇಮ್ಮಡಿ ದಪ್ಪವಾಗಿ, ಆ ಹಾಯ್ದ ನೂಲುಗಳ ನಡುವೆಯೂ ಗಾಳಿ ನಿಲ್ಲುತ್ತದೆ. ಹೂವು ಬಿಡಿಸಿದ್ದರಿಂದಲೇ ಕೈಗವಸು ಬೆಚ್ಚಗಾಯಿತು. ಚೆಂದವೋ ಉಪಯೋಗವೋ ಎಂದು ಅಂಗಡಿಯ ಮುಂದೆ ನಿಂತು ತರ್ಕಿಸುವ ನಮಗೆ ಆ ಹುಡುಗಿ ಅಲ್ಲಿಯೇ ಉತ್ತರ ಕೊಟ್ಟಿದ್ದಾಳೆ.

ನಾರ್ವೆಯವರು ಹವಾಮಾನ ಕೆಟ್ಟದ್ದಿಲ್ಲ, ಕೆಟ್ಟದ್ದು ಬಟ್ಟೆ ಮಾತ್ರ ಎನ್ನುತ್ತಾರೆ. ಅವರ ನುಡಿಯಲ್ಲಿ ಆ ಎರಡು ಪದಗಳಿಗೆ ಪ್ರಾಸವೂ ಉಂಟು. ನನಗೆ ಅದರಲ್ಲಿ ಸ್ವಲ್ಪ ಗದರಿಕೆ ಕೇಳಿಸುತ್ತದೆ. ಇಲ್ಲಿಯ ಶಿಶುವಿಹಾರದ ಮಕ್ಕಳೇ ಹೆಚ್ಚು ಒಳ್ಳೆಯ ಗುರುಗಳು. ಕೆಸರು ತಾಗದ ರಬ್ಬರಿನಂಥ ಪ್ಯಾಂಟು ಏರಿಸಿದೊಡನೆ ಅವರಿಗೆ ಹೊಂಡವೆಂದರೆ ದಾಟಬೇಕಾದ ಅಡ್ಡಿಯಲ್ಲ, ಕೂತುಕೊಳ್ಳುವ ಜಾಗ.

ಇನ್ನು ಕತ್ತಲೆ. ಕಪ್ಪು ಕೋಟು ತೊಟ್ಟು ನಡೆಯುವವನು ಡಿಪ್ ಮಾಡಿದ ದೀಪದಲ್ಲಿ ಚಾಲಕನಿಗೆ ಕಾಣುವುದು ಸುಮಾರು 50 ಮೀಟರಿನಿಂದ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ಮೂರು ಸೆಕೆಂಡಿನ ದಾರಿ. ಬೆಳಕನ್ನು ಹಿಂದಿರುಗಿಸುವ ಬಿಲ್ಲೆಯನ್ನು, ಅಂದರೆ ರಿಫ್ಲೆಕ್ಟರನ್ನು, ತೂಗುಹಾಕಿಕೊಂಡರೆ ಆ ದೂರ 150 ಮೀಟರಿನಷ್ಟಾಗುತ್ತದೆ. ಕತ್ತಲಲ್ಲಿ ನಡೆಯುವವರು ಅದನ್ನು ಬಳಸಬೇಕೆಂದು ಇಲ್ಲಿಯ ಕಾನೂನೇ ಹೇಳುತ್ತದೆ, ಬಳಸದಿದ್ದರೆ ದಂಡವಿಲ್ಲ. ನಡೆಯುವವರ ಈ ತೂಗುಬಿಲ್ಲೆ ಹುಟ್ಟಿದ್ದೂ ಫಿನ್ಲೆಂಡಿನಲ್ಲಿಯೇ, ಪೆರ್ತ್ತೆಲಿ ಎಂಬ ಊರಿನ ಆರ್ವಿ ಲೆಹ್ತಿಯವರ ಕೈಯಲ್ಲಿ. ಎಲ್ಲರೂ ಬಲ್ಲ ಹಿಮಹರಳಿನ ಆಕಾರವನ್ನು 1973ರಲ್ಲಿ ಕೊಟ್ಟವರು ಕಲೆರ್ವೋ ಸುವೊಮೆಲಾ. ಅದರೊಳಗಿನ ಪುಟ್ಟ ಮೂಲೆಗಳು ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವುದರಿಂದ, ತೊಟ್ಟವರಿಗೆ ತಮ್ಮ ಮಿನುಗು ಕಾಣುವುದೇ ಇಲ್ಲ. ಪರರಿಗಾಗಿ ಮಾತ್ರ ತೊಡುವ ಒಡವೆ ಇದೊಂದೇ ಇರಬೇಕು.

ಬಾಗಿಲ ಬಳಿಯ ಮೇಜಿನ ಮೇಲೆ ಒಂದು ಬುಟ್ಟಿಯಲ್ಲಿ ರಿಫ್ಲೆಕ್ಟರುಗಳಿವೆ. ತಲೆಗೆ ಎರಡರಂತೆ ತೆಗೆದುಕೊಳ್ಳಿ. ಪಿನ್ನನ್ನು ಜಾಕೆಟ್ಟಿನ ಜೇಬಿನೊಳಗೆ ಸಿಕ್ಕಿಸಿ, ದಾರವನ್ನು ಹೊರಗೆ ಬಿಟ್ಟರೆ ಬಿಲ್ಲೆ ಮೊಣಕಾಲಿನ ಮಟ್ಟಕ್ಕೆ ಬರಬೇಕು, ಎರಡೂ ಬದಿಗೆ ಒಂದೊಂದು. ಈಗ ಮೂರೂವರೆ, ಹೊರಗೆ ಆಗಲೇ ಮಬ್ಬುಗತ್ತಲಾಗಿದೆ.