‘ಫೈನ್’ ಅಂದ್ರೆ ಮುಗೀತು ಅಂತ

ಮುಖ ಊದಿಸ್ಕೊಂಡು ಕೂತವರನ್ನ ‘ಏನಾಯ್ತು?’ ಅಂತ ಕೇಳಿ ನೋಡಿ. ‘ಐ ಆಮ್ ಫೈನ್’ ಅಂತಾರೆ. ಅಲ್ಲಿಗೆ ಮಾತು ಖಲಾಸ್. ಇನ್ನೊಂದ್ಸಲ ಕೇಳೋ ಧೈರ್ಯ ಯಾರಿಗಿದೆ ಹೇಳಿ?

ಫೈನ್ ಅಂದ್ರೆ ಚೆನ್ನಾಗಿದ್ದೀನಿ ಅಂತಲ್ವಾ, ಇವರು ಅದನ್ನ ಉಲ್ಟಾ ಬಳಸ್ತಿದ್ದಾರೆ ಅಂತ ನಿಮಗನ್ಸಬಹುದು. ನಂಗೆ ಹಾಗನ್ಸಲ್ಲ. ಮುನಿಸ್ಕೊಂಡವರ ಈ ಫೈನೇ ಪದದ ಹಳೇ ಮನೆಗೆ ಹತ್ತಿರ ಇದೆ.

ಬೇರು ಲ್ಯಾಟಿನ್ನಿನ ‘ಫೀನಿಸ್’. ಅಂದ್ರೆ ಕೊನೆ, ಎಲ್ಲೆ. ಫೈನಲ್, ಫಿನಿಶ್ ಇದರ ಮಕ್ಕಳು ಅಂದ್ರೆ ಯಾರೂ ಹುಬ್ಬೇರಿಸಲ್ಲ. ಆದ್ರೆ ದಂಡ ಕಟ್ಟೋ ಫೈನೂ ‘ಭೇಷ್’ ಅನ್ನೋ ಫೈನೂ ಒಂದೇ ಹೊಟ್ಟೇಲಿ ಹುಟ್ಟಿದ್ದು ಅಂತ ಗೊತ್ತಾದಾಗ ನಾನು ಬೆಪ್ಪಾಗಿದ್ದೆ.

ದಂಡದ ಕಥೆ ಮೊದಲು. ಮಧ್ಯಯುಗದ ಇಂಗ್ಲೆಂಡಲ್ಲಿ ಜಮೀನಿನ ವ್ಯಾಜ್ಯ ರಾಜಿಯಲ್ಲಿ ಮುಗಿದ್ರೆ, ಆ ರಾಜಿಗೇ ಫೈನ್ ಅಂತಿದ್ರು. 1195ರಿಂದ ಅದನ್ನ ಒಂದೇ ಚರ್ಮದ ಹಾಳೆ ಮೇಲೆ ಮೂರು ಸಲ ಬರೆದು, ಅಂಕುಡೊಂಕಾಗಿ ಕತ್ತರಿಸಿ, ಎರಡು ತುಂಡು ಎರಡು ಕಡೆಯವರಿಗೆ ಕೊಟ್ಟು, ಅಡಿಯಲ್ಲಿರೋದನ್ನ ಕೋರ್ಟ್ ಇಟ್ಕೊಳ್ತಿತ್ತು. ಯಾರಾದ್ರೂ ಸುಳ್ಳು ಪತ್ರ ತಂದ್ರೆ ಅಂಚಿಗೆ ಅಂಚು ಕೂಡಿಸಿ ನೋಡೋದು, ಅಷ್ಟೇ. ಆಮೇಲಾಮೇಲೆ ಜನ ಎಷ್ಟು ಜಾಣರಾದ್ರು ಅಂದ್ರೆ, ಮೊದಲೇ ಒಪ್ಕೊಂಡು, ಹೆಸರಿಗೊಂದು ಕೇಸ್ ಹಾಕಿ, ಜಮೀನು ಕೈ ಬದಲಾಯಿಸೋದಕ್ಕೆ ಕೋರ್ಟಿನ ಮೊಹರು ಪಡೀತಿದ್ರು. ಜಗಳವೇ ಇಲ್ಲ, ರಾಜಿ ಮಾತ್ರ! 1833ರ ಕಾಯ್ದೆ ಈ ಪದ್ಧತಿಗೆ ಕೊನೆ ಹಾಡ್ತು.

ವಿಷಯ ಮುಗಿಸೋಕೆ ಕೊಡೋ ದುಡ್ಡಿಗೂ ಅದೇ ಹೆಸರು ಅಂಟಿಕೊಳ್ತು. ಕಟ್ಟು, ಹೋಗು, ಮುಗೀತು. ನಮ್ಮ ‘ದಂಡ’ದೊಳಗೆ ಒಂದು ಕೋಲಿದೆ, ಅವರ ‘ಫೈನ್’ ಒಳಗೆ ಒಂದು ರಸೀದಿ ಇದೆ. ದಂಡ ಅಂದ್ರೆ ವ್ಯರ್ಥ ಅಂತಾನೂ ನಾವು ಸೇರಿಸ್ಕೊಂಡ್ವಿ, ಅದಿನ್ನೂ ಚೆಂದ. ಫೈನಾನ್ಸ್ ಕೂಡ ಇದೇ ವಂಶ: ಹಳೇ ಫ್ರೆಂಚಲ್ಲಿ ಬಾಕಿ ತೀರಿಸೋದು.

ಇನ್ನು ‘ಭೇಷ್’. ತಿದ್ದೋಕೆ ಇನ್ನೇನೂ ಉಳಿದಿಲ್ಲ, ಕೊನೆ ಮುಟ್ಟಿದೆ ಅನ್ನೋದೇ ಫೈನ್. ಚಿನ್ನದ ಮೇಲೆ 999 ಅಂತ ಒತ್ತಿರ್ತಾರಲ್ಲ, ಸಾವಿರ ಪಾಲಿನಲ್ಲಿ ಎಷ್ಟು ಅಪ್ಪಟ ಅನ್ನೋದನ್ನ ಇಂಗ್ಲಿಷಲ್ಲಿ ಫೈನ್‌ನೆಸ್ ಅಂತಾರೆ. ಅಲ್ಲಿಂದ ನಯ, ನವಿರು, ತೆಳು, ಕರಾರುಪತ್ರದ ಕೆಳಗಿನ ಸಣ್ಣಕ್ಷರ, ಅಂದ್ರೆ ‘ಫೈನ್ ಪ್ರಿಂಟ್’. ಕ್ರಿಕೆಟ್ಟಿನ ಫೈನ್ ಲೆಗ್ ಕೂಡ ಈ ಗುಂಪಿಗೇ: ಬ್ಯಾಟ್ಸ್‌ಮನ್ ಹಿಂದೆ, ವಿಕೆಟ್ಟುಗಳ ನೇರಕ್ಕೆ ಸಣ್ಣ ಕೋನದಲ್ಲಿ ನಿಲ್ಲೋ ಜಾಗ. ಅಲ್ಲಿ ನಿಂತವನು ಕ್ಯಾಚ್ ಬಿಟ್ರೂ ಅದು ಫೈನೇ.

ಇಷ್ಟು ಎತ್ತರದಲ್ಲಿದ್ದ ಪದ ಈಗ ‘ಗುಡ್’ಗಿಂತ ಕೆಳಗೆ ಬಂದು ಕೂತಿದೆ. ರಾತ್ರಿಯೆಲ್ಲ ಎದ್ದು ಬರೆದಿದ್ದನ್ನ ಯಾರಿಗಾದ್ರೂ ತೋರಿಸಿ, ಅವರು ‘ಇಟ್ಸ್ ಫೈನ್’ ಅಂದ್ರೆ ಎದೆ ಕುಸಿಯುತ್ತೆ. ನಮ್ಮ ‘ಪರವಾಗಿಲ್ಲ’ ಮಾಡೋ ಕೆಲಸಾನೇ ಅದೂ ಮಾಡುತ್ತೆ.

ಪಾಶ್ಚಾತ್ಯ ಸಂಗೀತದ ಸ್ವರಲಿಪಿಯಲ್ಲಿ ಇದೇ ನಾಲ್ಕು ಅಕ್ಷರ (fine) ಬರೆದು, ಇಟಾಲಿಯನ್ನಿನ ಥರ ‘ಫೀನೆ’ ಅಂತ ಓದ್ತಾರೆ. ಅಲ್ಲಿಗೆ ಬಂದಾಗ ವಾದ್ಯ ನಿಲ್ಲಿಸ್ಬೇಕು. ಮುನಿಸ್ಕೊಂಡವರು ನಮಗೆ ಹೇಳ್ತಿರೋದೂ ಅದನ್ನೇ, ನುಡಿಸಿದ್ದು ಸಾಕು ಅಂತ.

ನಾನಂತೂ ‘ಫೈನ್’ ಅಂತ ಮೆಸೇಜ್ ಬಂದ್ರೆ ಮುಂದೆ ಪೂರ್ಣವಿರಾಮ ಇದೆಯಾ ಅಂತ ಮೊದಲು ನೋಡ್ತೀನಿ. ಇದ್ರೆ ತಕ್ಷಣ ಫೋನ್ ಮಾಡ್ತೀನಿ. ಎತ್ತಲ್ಲ, ಆ ಮಾತು ಬೇರೆ.